ಕಾಂಪೌಂಡಿನಾಚೆಗೊಂದು, ಈಚೆಗೊಂದು

ಯುಗಾದಿಯ ಮಾರನೆಯ ದಿನ ವರ್ಷತೊಡಕು. ಆವತ್ತು ಏನು ಮಾಡುತ್ತೇವೋ ವರ್ಷವಿಡೀ ಅದೇ ನಡೆಯುತ್ತದೆ ಅಂತ ನಮ್ಮ ಮೈಸೂರು ಕಡೆ ನಂಬಿಕೆ. ಹೋದ ವರ್ಷ ಆ ಬೆಳಿಗ್ಗೆ ನಾನು ಹಿತ್ತಿಲ ಮೆಟ್ಟಿಲ ಮೇಲೆ ಕೂತು ತ್ರಿವೇಣಿಯವರ ‘ಶರಪಂಜರ’ ಓದುತ್ತಿದ್ದೆ. ಕಾಂಪೌಂಡಿನಾಚೆ ಪಕ್ಕದ ಮನೆಯ ಅಕ್ಕ ಬಟ್ಟೆ ಒಣಹಾಕುತ್ತಿದ್ದರು. ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷ ನರ್ಸಾಗಿದ್ದವರು. ಓದುವುದೆಲ್ಲ ಆತ್ಮಕಥೆ, ಚರಿತ್ರೆ, ವೈದ್ಯಕೀಯ.

“ಕಾದಂಬರೀನಾ? ಹಾಗಾದ್ರೆ ಈ ವರ್ಷಾನೂ ಪೂರ್ತಿ ಕತೇನೇ ನಿಂಗೆ” ಅಂದರು.

“ಇದು ನಿಮ್ಮ ವಾರ್ಡಿನ ಕತೆ ಅಕ್ಕ.”

“ಗೊತ್ತು ಬಿಡು. ಕಲ್ಪನಾ ಮಾಡಿದ ಪಿಕ್ಚರ್ ನೋಡಿದೀನಿ. ಬಾಣಂತಿ ಸನ್ನಿ. ಹೆತ್ತು ಒಂದೆರಡು ವಾರದಲ್ಲಿ ನಿದ್ದೆ ಕೆಡುತ್ತೆ, ಮಾತು ಎಲ್ಲೆಲ್ಲೋ ಹೋಗುತ್ತೆ. ಗಾಳಿ ಮೆಟ್ಟಿದೆ ಅಂತ ತಾಯಿತ ಕಟ್ಟಿಸ್ತಾರೆ. ಔಷಧಿ ಕೊಟ್ರೆ ವಾಸಿಯಾಗೋ ಕಾಯಿಲೆ ಅದು.”

“ಈ ಕತೆಯ ಕಾವೇರಿಗೂ ವಾಸಿಯಾಗುತ್ತೆ ಅಕ್ಕ. ವಾಸಿಯಾಗಿ ಬಂದವಳನ್ನ ಮನೆಯವರೇ ನಂಬೋಲ್ಲ.”

ಅಕ್ಕನ ಕೈಯಲ್ಲಿದ್ದ ಕ್ಲಿಪ್ಪು ಅಲ್ಲೇ ನಿಂತಿತು. “ಹೌದು. ನಾವು ಡಿಸ್ಚಾರ್ಜ್ ಬರೆದು ಕಳಿಸಿಬಿಡ್ತಿದ್ವಿ. ಆಮೇಲೆ ಮನೇಲಿ ಏನಾಯ್ತೋ ನಮಗೆ ಗೊತ್ತಾಗ್ತಿರಲಿಲ್ಲ” ಅಂದರು.

ಮಾರನೆಯ ದಿನ ಕಾಂಪೌಂಡಿನ ಮೇಲೆ ಒಂದು ಹಳೆಯ ಪುಸ್ತಕ ಇಟ್ಟರು. ಡಾ. ಎಂ. ಶಿವರಾಂ ಅವರ ‘ಮನಮಂಥನ’. ‘ಕೊರವಂಜಿ’ ಪತ್ರಿಕೆಯ ‘ರಾಶಿ’ ಎಂದೇ ಹೆಸರಾದ ಅವರು ಮನೋರೋಗಗಳ ಬಗ್ಗೆ ಬರೆದ, 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ. ನನ್ನ ‘ಶರಪಂಜರ’ ಅವರ ಕಡೆ ಹೋಯಿತು. ನಮ್ಮ ಪಂಥ ಹುಟ್ಟಿದ್ದು ಹೀಗೆ: ಎರಡು ತಿಂಗಳಿಗೊಂದು ಜೋಡಿ, ಒಂದು ಕತೆ, ಒಂದು ನಿಜ. ವರ್ಷಕ್ಕೆ ಆರು ಜೋಡಿ, 12 ಪುಸ್ತಕ.

ವಿಷಯ ಒಂದೇ ಆಗಿದ್ದರೆ ಜೋಡಿ ಆಯಿತು ಅಂತ ಮೊದಲು ಅಂದುಕೊಂಡಿದ್ದೆವು. ಅದು ಸಾಲದು ಅಂತ ಬೇಗ ತಿಳಿಯಿತು. ಆಮೇಲೆ ಒಂದು ನಿಯಮ ಮಾಡಿಕೊಂಡೆವು. ಮೊದಲನೆಯ ಪುಸ್ತಕ ಮುಗಿದ ಕೂಡಲೇ ಮನಸ್ಸಿನಲ್ಲಿ ಉಳಿದ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಪುಸ್ತಕದೊಳಗೇ ಇಡಬೇಕು. ಎರಡನೆಯದನ್ನು ಆ ಚೀಟಿ ನೋಡಿಯೇ ಹುಡುಕಬೇಕು.

ಕಾರಂತರ ‘ಚೋಮನ ದುಡಿ’ ಮುಗಿಸಿದಾಗ ನಾನು ಬರೆದದ್ದು ಒಂದೇ ಸಾಲು: ‘ಇದನ್ನು ಚೋಮನೇ ಹೇಳಿದ್ದರೆ?’ ಉಳಲು ತನ್ನದೊಂದು ತುಂಡು ನೆಲ ಬೇಕೆಂದು ಹಂಬಲಿಸಿದ ಚೋಮನ ದುಃಖವನ್ನು 1933ರಲ್ಲಿ ಅಷ್ಟು ಕರುಣೆಯಿಂದ ಬರೆದವರು ಚೋಮನ ದಲಿತ ಕೇರಿಯ ಹೊರಗಿನವರು. ಚೀಟಿ ನೋಡಿ ಅಕ್ಕ ಕೊಟ್ಟದ್ದು ಅರವಿಂದ ಮಾಲಗತ್ತಿಯವರ ಆತ್ಮಕಥೆ ‘ಗೌರ್ಮೆಂಟ್ ಬ್ರಾಹ್ಮಣ’. ಅದು ಬಂದದ್ದು 1994ರಲ್ಲಿ. ನಡುವೆ 61 ವರ್ಷ. ಚೋಮನಿಗಾಗಿ ಅತ್ತು ಹಗುರವಾಗಿದ್ದ ನನ್ನನ್ನು ಆ ಆತ್ಮಕಥೆ ಹಗುರವಾಗಿರಲು ಬಿಡಲಿಲ್ಲ. ಇಲ್ಲಿ ಮಾತಾಡುತ್ತಿರುವವರಿಗೆ ನನ್ನ ಕಣ್ಣೀರು ಬೇಕಿಲ್ಲ, ನಾನು ನೆಟ್ಟಗೆ ಕೂತು ಕೇಳಬೇಕು, ಅಷ್ಟೇ. ಒಂದೊಂದನ್ನೇ ಓದಿದ್ದರೆ ಈ ವ್ಯತ್ಯಾಸ ನನಗೆ ತಟ್ಟುತ್ತಿರಲಿಲ್ಲ.

ಭೈರಪ್ಪನವರ ‘ಗೃಹಭಂಗ’ಕ್ಕೆ ಜೊತೆಯಾದದ್ದು ಅವರದೇ ‘ಭಿತ್ತಿ’. ಇಲಿ ಬಿತ್ತು ಅಂದರೆ ಊರಿಗೆ ಊರೇ ಖಾಲಿಯಾಗಿ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದ ಪ್ಲೇಗಿನ ಕಾಲ. ಕಾದಂಬರಿಯ ನಂಜಮ್ಮನ ಮನೆಗೆ ಬಂದ ಸಾವುಗಳು ಲೇಖಕರ ಬಾಲ್ಯದ ಮನೆಗೂ ಬಂದವು ಅಂತ ಆತ್ಮಕಥೆಯಲ್ಲಿ ತಿಳಿದಾಗ ಅಕ್ಕ ಎರಡು ದಿನ ಆ ಪುಸ್ತಕ ಮುಟ್ಟಲಿಲ್ಲ.

ಎಲ್ಲ ಜೋಡಿಯೂ ಹೀಗೆ ಭಾರವಲ್ಲ. ತೇಜಸ್ವಿಯವರ ‘ಕರ್ವಾಲೊ’ ಓದಿದ ಅಕ್ಕನ ಮೊಮ್ಮಗನದು ತನ್ನದೇ ಚೀಟಿ: ‘ಹಾರೋ ಓತಿ ನಿಜವಾಗ್ಲೂ ಇದೆಯಾ?’ ಇದೆ ಮಗೂ, ಪಶ್ಚಿಮ ಘಟ್ಟದಲ್ಲಿದೆ. ಪಕ್ಕೆಲುಬು ಚಾಚಿ, ಚರ್ಮ ಅರಳಿಸಿ ಮರದಿಂದ ಮರಕ್ಕೆ ತೇಲುತ್ತದೆ. ಆ ಕಾಡನ್ನು ನೋಡುವ ಕಣ್ಣು ಬೇಕಿದ್ದರೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಇದೆ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡಗಳನ್ನು ಹುಡುಕುತ್ತಾ ಹೊರಟ ಮೇಷ್ಟ್ರ ಪುಸ್ತಕ. ಹುಡುಗ ಈಗ ರಸ್ತೆಬದಿಯ ಮರಗಳ ಹೆಸರು ಕೇಳಿ ನಮ್ಮನ್ನು ನಿಲ್ಲಿಸುತ್ತಾನೆ.

ಶುರುಮಾಡುವವರಿಗೆ ನನ್ನದೊಂದು ಮಾತು. ದಪ್ಪ ಕಾದಂಬರಿಗೆ ತೆಳು ಪುಸ್ತಕ ಜೋಡಿಸಿ. ದಿನಕ್ಕೆ ಹತ್ತು ಪುಟ ಓದಿದರೂ ಎರಡು ತಿಂಗಳಿಗೆ 600 ಪುಟವಾಯಿತು. ಕೊಳ್ಳಲೇಬೇಕೆಂದಿಲ್ಲ, ಹತ್ತಿರದ ಗ್ರಂಥಾಲಯದಲ್ಲಿ ಇಂಥವೆಲ್ಲ ಹುಡುಕಿದರೆ ಸಿಗುತ್ತವೆ. ಬೇಕಾದದ್ದು ನಿಮಗಿಂತ ಬೇರೆ ರುಚಿಯ ಒಬ್ಬ ನೆರೆಯವರು.

ಈ ವರ್ಷತೊಡಕಿಗೆ ಅಕ್ಕ ‘ಶರಪಂಜರ’ ಹಿಂದಿರುಗಿಸಿದರು. ಒಳಗೆ ಅವರ ಚೀಟಿ ಇತ್ತು: ‘ಕಳಿಸಿದ ಮೇಲೆ ಒಂದು ಸಲವಾದರೂ ಹೋಗಿ ವಿಚಾರಿಸಬೇಕಿತ್ತಲ್ಲವೇ?’ ಹಿಂದಿನ ಬೀದಿಯಲ್ಲಿ ಹೊಸ ಬಾಣಂತಿ ಇದ್ದಾಳೆ. ಸಂಜೆಯ ಹೊತ್ತು ಅಕ್ಕ ಅಲ್ಲಿಗೆ ಹೋಗಿ, ಮಗುವಿಗಿಂತ ಮೊದಲು ತಾಯಿಯನ್ನು ಮಾತಾಡಿಸಿ ಬರುತ್ತಾರೆ.