ಕೆಂಪು ನಕ್ಷತ್ರದವರಿಗೆ ಕೊಳ್ಳೇಗಾಲದಿಂದ

ಬೆಂಗಳೂರಿನ ಯಾವುದೋ ಮಹಡಿಯಲ್ಲಿ ತಣ್ಣಗೆ ಕೂತು ಅರ್ಜಿಯ ಪರದೆ ರೂಪಿಸುವ ಮಹಾಶಯರೇ,

ಕೊಳ್ಳೇಗಾಲದಲ್ಲಿ ಪುಟ್ಟ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡು ಊರವರ ಅರ್ಜಿ ತುಂಬುವವನ ನಮಸ್ಕಾರ. ತಮ್ಮ ಹೊಸ ಆ್ಯಪ್ ತಲುಪಿತು. ಬಳಕೆದಾರರ ಅಗತ್ಯಗಳನ್ನು ಕೂಲಂಕಷವಾಗಿ ಸಂಗ್ರಹಿಸಿ ಮಾಡಿದ್ದೆಂದು ಅದರ ನೆತ್ತಿಯ ಮೇಲೇ ಬರೆದುಕೊಂಡಿದ್ದೀರಿ. ಯಾರನ್ನು ಕೇಳಿದರಂತೆ ಎಂದು ವಿಚಾರಿಸಿದೆ. ಹನೂರಿನವರು ಯಳಂದೂರಿನ ಕಡೆ ಕೈ ತೋರಿಸಿದರು, ಯಳಂದೂರಿನವರು ಹನೂರಿನ ಕಡೆ. ಹಾಗಾದರೆ ಸಹಿ ಹಾಕುವ ಸಾಹೇಬರನ್ನೇ ಕೇಳಿದ್ದೀರಿ. ಅವರಿಗೆ ಬೇಕಾದ್ದೆಲ್ಲ ಅದರಲ್ಲಿದೆ: ಬಣ್ಣಬಣ್ಣದ ನಕ್ಷೆ, ತಾಲ್ಲೂಕುವಾರು ಅಂಕಿಅಂಶ, ಮಂತ್ರಿಗಳ ಫೋಟೊ.

ನಮ್ಮವರು ಮಾತ್ರ 'ಮೊದಲ ಹೆಸರು' ದಾಟುವುದು ಕಷ್ಟ. ಮಲೆ ಮಹದೇಶ್ವರನ ಒಕ್ಕಲು ಮಹದೇವ, ಮಾದಪ್ಪ, ಮಾದಮ್ಮ; ಬಿಳಿಗಿರಿರಂಗನ ಒಕ್ಕಲು ರಂಗಮ್ಮ, ರಂಗಸ್ವಾಮಿ; ಚಿಕ್ಕಲ್ಲೂರಿಗೆ ನಡೆದುಕೊಳ್ಳುವವರು ಸಿದ್ದಪ್ಪ, ಸಿದ್ದಮ್ಮ. ಹೆಸರು ಅಲ್ಲಿಗೆ ಮುಗಿಯಿತು. ತಾವು 'ಕೊನೆಯ ಹೆಸರು' ಕೇಳಿ ಪಕ್ಕದಲ್ಲಿ ಕೆಂಪು ನಕ್ಷತ್ರ ಇಟ್ಟಿದ್ದೀರಿ. ಖಾಲಿ ಬಿಟ್ಟರೆ ಮುಂದಕ್ಕೆ ಬಿಡುವುದಿಲ್ಲ, ಚುಕ್ಕಿ ಇಟ್ಟರೆ ಅಕ್ಷರ ಮಾತ್ರ ಎನ್ನುತ್ತದೆ. ನಮ್ಮೂರ ಅಜ್ಜಿ ಮಾದಮ್ಮನ ಅರ್ಜಿಯಲ್ಲಿ 'ಮಾದಮ್ಮ ಮಾದಮ್ಮ' ಎಂದು ತುಂಬಿದೆ. ಪಹಣಿಯಲ್ಲಿ ಆಕೆ 'ಮಾದಮ್ಮ ಕೋಂ ಮಾದಪ್ಪ', ಆಧಾರ್‌ನಲ್ಲಿ ಬರೀ ಮಾದಮ್ಮ. ಮೂವರೂ ಬೇರೆ ಬೇರೆ ಹೆಂಗಸರೆಂದು ತಮ್ಮ ಯಂತ್ರ ತೀರ್ಪು ಕೊಟ್ಟಿತು. ಸರ್ಕಾರದ ದುಡ್ಡು ಒಬ್ಬಳಿಗೂ ಬರಲಿಲ್ಲ.

ಹೆಸರಿನದು ಹಾಗಾಯಿತು, ಊರಿನದೂ ಹಾಗೇ. 2017ರ ರಾಜ್ಯ ಬಜೆಟ್ಟಿನಲ್ಲಿ ಸಾರಿದ 49 ಹೊಸ ತಾಲ್ಲೂಕುಗಳಲ್ಲಿ ಹನೂರೂ ಒಂದು. ತಮ್ಮ ತಾಲ್ಲೂಕು ಪಟ್ಟಿಯಲ್ಲಿ ಅದಿನ್ನೂ ಕೊಳ್ಳೇಗಾಲದ ಹೊಟ್ಟೆಯೊಳಗೇ ಇದೆ. ಬೇಸರವಿಲ್ಲ. 1956ರವರೆಗೆ ನಾವು ಮದ್ರಾಸಿನ ಕೊಯಮತ್ತೂರು ಜಿಲ್ಲೆಯವರು, ಆಮೇಲೆ ಮೈಸೂರಿನವರು, 1997ರಿಂದ ಚಾಮರಾಜನಗರದವರು, ಕಾದು ಅಭ್ಯಾಸವಿದೆ.

ಬೆಟ್ಟದವರ ಪಾಡು ಬೇರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಾಮುದಾಯಿಕ ಅರಣ್ಯ ಹಕ್ಕು ದೊರೆಯಿತು. ಜೇನು, ನೆಲ್ಲಿಕಾಯಿ ತರುವ ಹಕ್ಕು ಒಬ್ಬನ ಹೆಸರಿಗಲ್ಲ, ಗ್ರಾಮಸಭೆಗೆ. ಅದಕ್ಕೂ ತಾವೊಂದು ಪುಟ ಮಾಡಿ ಪೋಡು ಎನ್ನುವ ಅವರ ಇಡೀ ಹಾಡಿಯ ಹುಟ್ಟಿದ ದಿನಾಂಕ, ಪಾಸ್‌ಪೋರ್ಟ್ ಅಳತೆಯ ಫೋಟೊ ಕೇಳುತ್ತೀರೆಂಬ ಭಯ ನನಗೆ. ಜೇನು ಕೀಳುವವನು ತಮ್ಮ ಉದ್ಯೋಗ ಪಟ್ಟಿಯಲ್ಲಿ ಈಗಾಗಲೇ 'ಇತರೆ'.

ಇನ್ನು ಅಸಲು ಸಂಗತಿ. ತಮ್ಮ ಬಳಕೆದಾರ ಒಬ್ಬನೇ ಮನುಷ್ಯ. ಇಲ್ಲಿ ಅವನು ಮೂವರು. ಅಜ್ಜಿಯದು ಹೆಬ್ಬೆಟ್ಟು, ನನ್ನದು ಕೀಬೋರ್ಡು, ಫೋನು ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋದ ಮಗನದು. ಪಾಳಿ ಮುಗಿಸಿ ಅವನು ಫೋನು ನೋಡುವಷ್ಟರಲ್ಲಿ ಒಟಿಪಿ ಸತ್ತಿರುತ್ತದೆ. "ಅದೇನ್ ಕೇಳ್ತದೋ ನೀನೇ ಒತ್ಬುಡಪ್ಪ" ಎನ್ನುತ್ತಾಳೆ ಅಜ್ಜಿ. ಒತ್ತುತ್ತೇನೆ. ಏನು ಒತ್ತಿದೆನೆಂದು ಅವಳಿಗೆ ಕಾಣದು. ಪರದೆಯ ಮುಖ ನನ್ನ ಕಡೆಗಿದೆ. ನಾನೇನೋ ತಕ್ಕಮಟ್ಟಿಗೆ ಯೋಗ್ಯ. ಎಲ್ಲರೂ ಹಾಗೇ ಎಂದು ಜಾಮೀನು ಕೊಡಲಾರೆ.

ಪರದೆಯ ಮುಖ ಯಾರ ಕಡೆಗಿರಬೇಕೆಂದು ತಮಗಿಂತ ಹಿಂದಿನವರು ಬಲ್ಲವರಾಗಿದ್ದರು. ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ 'ಭೂಮಿ' ಯೋಜನೆ ಶುರುವಾದಾಗ ತಾಲ್ಲೂಕು ಕಚೇರಿಯ ಕಿಯೋಸ್ಕಿನಲ್ಲಿ 15 ರೂಪಾಯಿಗೆ ಪಹಣಿ ಸಿಗುತ್ತಿತ್ತು. ಅಲ್ಲಿ ಎರಡನೆಯದೊಂದು ಪರದೆಯನ್ನು ರೈತನ ಕಡೆಗೇ ತಿರುಗಿಸಿ ಇಡುವ ಏರ್ಪಾಡಿತ್ತು, ಗುಮಾಸ್ತ ಏನು ಮಾಡುತ್ತಿದ್ದಾನೆಂದು ಅವನೂ ನೋಡಲಿ ಎಂದು. ಯಾವ ರೈತನೂ ಪ್ರಶ್ನಾವಳಿಯಲ್ಲಿ ಎರಡನೇ ಪರದೆ ಬೇಕೆಂದು ಬರೆದುಕೊಟ್ಟಿರಲಾರ. ದಫ್ತರದ ಮುಂದೆ ಕೈಕಟ್ಟಿ ನಿಂತವನ ಕತ್ತು ಎತ್ತ ಚಾಚುತ್ತದೆಂದು ಯಾರೋ ಗಮನಿಸಿರಬೇಕು.

ಮುಂದಿನ ಆವೃತ್ತಿಗೆ ಮುಂಚೆ ಒಮ್ಮೆ ಬನ್ನಿ. ಅಮಾವಾಸ್ಯೆ ಬೇಡ, ಮಲೆ ಮಹದೇಶ್ವರನ ಬೆಟ್ಟದ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪ್ರಶ್ನಾವಳಿಯೂ ಬೇಡ. ಪ್ಯಾಂಟು ಹಾಕಿಕೊಂಡವರು ಕೇಳಿದರೆ ನಮ್ಮವರು "ಎಲ್ಲಾ ಚೆಂದಾಗದೆ ಬುದ್ಧಿ" ಅಂದುಬಿಡುತ್ತಾರೆ. ಅದನ್ನೇ ತಾವು ಅಗತ್ಯವೆಂದು ಬರೆದುಕೊಂಡು ಹೋಗುತ್ತೀರಿ. ನನ್ನ ಬೆನ್ನ ಹಿಂದೆ ಸ್ಟೂಲು ಹಾಕಿಕೊಂಡು ಸಂಜೆಯವರೆಗೆ ಸುಮ್ಮನೆ ಕೂತು ನೋಡಿ. ಸ್ಟೂಲಿನ ಒಂದು ಕಾಲು ಅಲುಗುತ್ತದೆ, ಹುಷಾರು. ಕರೆಂಟಿದ್ದರೆ ಮಾದಮ್ಮನ ಅರ್ಜಿಯನ್ನು ತಾವೇ ತುಂಬಿ. ಅವಳು ಕೊಡುವ ಮೂವತ್ತು ರೂಪಾಯಿಯಲ್ಲಿ ತಮಗೆ ಅರ್ಧ ಪಾಲು.

ಇಂತಿ,
ಕೊಳ್ಳೇಗಾಲದ ಅರ್ಜಿ ತುಂಬುವವ