ನಿವೃತ್ತ ಕೌರವ

ಕಾರವಾರವೆಂಬ ಫಲಕವನ್ನು ಹೊತ್ತು ನಿಂತಿರುವ ಕೊಂಕಣ ರೈಲ್ವೆಯ ನಿಲ್ದಾಣವು ವಾಸ್ತವದಲ್ಲಿ ಇರುವುದು ಶಿರವಾಡದಲ್ಲಿ. ಕರಡು ಬರೆದವನೊಬ್ಬ, ಸಹಿ ಮಾಡಿದವನಿನ್ನೊಬ್ಬ ಎಂಬ ಕಚೇರಿಯ ಸನಾತನ ಧರ್ಮವನ್ನು ಭೂಗೋಳವೂ ಪರಿಪಾಲಿಸುತ್ತಿರುವ ಈ ಊರಿನಲ್ಲಿ, ಆಯುಷ್ಯದ ಬಹುಭಾಗವನ್ನು ಕಡತಗಳ ನಡುವೆ ಸವೆಸಿ, ಅರುವತ್ತು ತುಂಬಿದಂದು ಶಾಲು, ಹಾರ, ಗೋಡೆ ಗಡಿಯಾರಗಳ ಸಹಿತ ಮನೆಗೆ ಮರಳಿದ ಗುಮಾಸ್ತರಿಗೆ ಕೊರತೆಯಿಲ್ಲ. ಅವರಲ್ಲಿ ಕೆಲವರು ಚುಟುಕ ಬರೆಯುವರು. ಅಂಕೋಲೆಯ ದಿನಕರ ದೇಸಾಯಿಯವರು ನಾಲ್ಕೇ ಸಾಲುಗಳಲ್ಲಿ ಕೀರ್ತಿ ಗಳಿಸಿದ ಜಿಲ್ಲೆಯಲ್ಲಿ ಅದು ಸಹಜವಾದ ಪ್ರಲೋಭನೆ. ಕೆಲವರು ಹಾರ್ಮೋನಿಯಂ ಕೊಳ್ಳುವರು; ಅವರ ನೆರೆಹೊರೆಯ ಪಾಡನ್ನು ಇಲ್ಲಿ ವರ್ಣಿಸಲಾರೆ. ಆದರೆ ಈ ವರ್ಗದ ಶಿರೋಮಣಿ, ತಾಳಮದ್ದಳೆಯ ಅರ್ಥಧಾರಿಯಾಗಿ ಪುನರ್ಜನ್ಮ ಪಡೆದ ನಮ್ಮ ರಾಯರು.

ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹಾಡಿ ಮುಗಿಸಿದೊಡನೆ ಕುಳಿತಲ್ಲಿಂದಲೇ ಮಾತಾಡತಕ್ಕ ಈ ಕಲೆಯು ಮಂಡಿನೋವಿನವರಿಗೆಂದೇ ನಿರ್ಮಿತವಾದುದೆಂದು ರಾಯರ ನಂಬುಗೆ. ಇಷ್ಟು ತಡವಾಯಿತಲ್ಲ ಎಂದು ಯಾರಾದರೂ ಕೆಣಕಿದರೆ ಅವರು ನೇರವಾಗಿ ರವೀಂದ್ರನಾಥ ಠಾಕೂರರನ್ನೇ ಸಾಕ್ಷಿಗೆ ಕರೆಯುತ್ತಾರೆ: "ಇಪ್ಪತ್ತೆರಡರ ಹರೆಯದಲ್ಲಿ ಇದೇ ಕಾರವಾರದಲ್ಲಿ ಕೂತು ನಾಟಕ ಬರೆದರು, ನಿಜ. ಅಣ್ಣ ಇಲ್ಲಿ ನ್ಯಾಯಾಧೀಶ. ಹಾಜರಿಪುಸ್ತಕ ಅಣ್ಣನದು, ಸರಸ್ವತಿ ತಮ್ಮನದು! ಅದೇ ಮಹಾನುಭಾವರು ಚಿತ್ರಕಲೆಗೆ ಇಳಿದದ್ದು ಅರುವತ್ತು ದಾಟಿದ ಮೇಲೆ. 1930ರಲ್ಲಿ ಪ್ಯಾರಿಸಿನಲ್ಲಿ ಪ್ರದರ್ಶನವಾಯಿತು, ಗೊತ್ತೋ?" ಇಷ್ಟಕ್ಕೂ ಮಣಿಯದವರಿಗೆ ಬಡಗೇರಿಯ ಜಾನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರ ಹೆಸರು ಕಾದಿರುತ್ತದೆ; ಆಕೆಗೆ ಪದ್ಮಶ್ರೀ ಬಂದದ್ದು 2017ರಲ್ಲಿ, ಇಳಿವಯಸ್ಸಿನಲ್ಲಿ. ಆಗ ಒಳಗಿನಿಂದ ರಾಯರ ಧರ್ಮಪತ್ನಿಯ ಧ್ವನಿ: "ಆಕೆ ಪೆನ್ಶನ್ ಬಂದ ಮೇಲೆ ಹಾಡಲು ಹಿಡಿದವಳಲ್ಲ. ಆಕೆ ಜನ್ಮವಿಡೀ ಹಾಡುತ್ತಲೇ ಇದ್ದಳು. ದಿಲ್ಲಿಗೆ ಕಿವಿ ಬಂದದ್ದು ತಡ." ಇದಕ್ಕೆ ರಾಯರ ಬಳಿ ಉತ್ತರವಿಲ್ಲ, ನನ್ನ ಬಳಿಯೂ ಇಲ್ಲ.

ಆದರೂ, ಅಂಕೋಲೆಯ ಕಡೆಯ ಒಂದು ದೇವಸ್ಥಾನದ ಚಪ್ಪರದಲ್ಲಿ ರಾಯರು 'ಕೃಷ್ಣಸಂಧಾನ'ದ ಕೌರವನಾದುದನ್ನು ಕೇಳಿದಂದಿನಿಂದ, ಆ ಗೃಹಿಣಿಯ ಸೂತ್ರವು ಗಂಡನಿಗೂ ಅನ್ವಯಿಸೀತೆಂದು ನನಗೆ ತೋರಿದೆ. ಕೃಷ್ಣನು ಐದು ಗ್ರಾಮಗಳನ್ನಾದರೂ ಕೊಡೆಂದು ಬೇಡಿದಾಗ ರಾಯರು ಗದರಲಿಲ್ಲ, ತೊಡೆ ತಟ್ಟಲಿಲ್ಲ, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಅತ್ಯಂತ ಸಾವಧಾನವಾಗಿ, "ವಾಸುದೇವಾ, ಅರ್ಜಿದಾರರು ಖುದ್ದು ಬಂದಿಲ್ಲವೇಕೆ? ವನವಾಸದ ಅವಧಿಯ ಕಂದಾಯದ ರಸೀದಿ ಎಲ್ಲಿ? ಪಾಂಡುವಿನ ಅನಂತರ ವಾರಸಾ ನೋಂದಣಿ ಆಗಿದೆಯೆ?" ಎಂದು ಕೇಳಿದರು. ಕೃಷ್ಣನ ಪಾತ್ರಧಾರಿ ತೊದಲಿದ. "ಇನ್ನು ಸೂಜಿಯ ಮೊನೆಯಷ್ಟು ನೆಲ. ಅದಕ್ಕೆ ಸರ್ವೆ ನಂಬರಿಲ್ಲ. ನಂಬರಿಲ್ಲದ ನೆಲವನ್ನು ಕೊಡುವ ಅಧಿಕಾರ ಈ ಸಿಂಹಾಸನಕ್ಕಿಲ್ಲ. ನಾಳೆ ಬಾ." ಮದ್ದಳೆಗಾರನೂ ನಕ್ಕುಬಿಟ್ಟ, ಚಪ್ಪರವೆಲ್ಲ ಚಪ್ಪಾಳೆ.

ಪ್ರಸಂಗ ಮುಗಿದ ಮೇಲೆ, ಹೆಗಲ ಮೇಲೊಂದು ಪಂಜಿಯ ವೃದ್ಧ ರೈತನೊಬ್ಬನು ಮುಂದೆ ಬಂದು ರಾಯರಿಗೆ ಕೈಮುಗಿದನು. "ಒಡೆಯಾ, ಹಿಂದೆ ನಾನು ಉತಾರಕ್ಕೆ ಅಲೆಯುವಾಗಲೂ ನೀವು ಇದನ್ನೇ ಹೇಳುತ್ತಿದ್ದಿರಿ. ಆಗ ಇದು ಅರ್ಥಗಾರಿಕೆಯೆಂದು ನಮಗೆ ತಿಳಿಯಲಿಲ್ಲ."

ರಾಯರು ಅದನ್ನು ಮೆಚ್ಚುಗೆಯೆಂದೇ ಸ್ವೀಕರಿಸಿ, ಮುಂದಿನ ಕೂಟಕ್ಕೂ ಅವನನ್ನು ಆಹ್ವಾನಿಸಿದರು.