ಶಿಸ್ತಿನ ಸಿಪಾಯಿಗಳ ದಂಡು

‘ನಾನು ಪಕ್ಷದ ಶಿಸ್ತಿನ ಸಿಪಾಯಿ.’ ಕರ್ನಾಟಕದಲ್ಲಿ ಯಾರಾದರೂ ಹೀಗಂದರೆ ಮಂತ್ರಿಗಿರಿ ಕೈತಪ್ಪಿದೆ ಎಂದೇ ಅರ್ಥ. ಸಿಕ್ಕವನು ಸಿಪಾಯಿಯಲ್ಲ, ಸಾಹೇಬ.

ಸಿಪಾಯಿಗಳ ಮೇಲೆ ಹೈಕಮಾಂಡ್. ಬೇರೆ ಕಡೆ ಅದು ಯುದ್ಧ ನಡೆಸುವ ಕಚೇರಿ. ನಮಗೆ ಅದು ದೆಹಲಿಯಲ್ಲೊಂದು ಗೇಟು. ಒಳಗೆ ಬಿಟ್ಟರೆ ಸುದ್ದಿ, ಬಿಡದಿದ್ದರೆ ಬ್ರೇಕಿಂಗ್ ಸುದ್ದಿ.

2023ರ ಮೇ 13ರಂದು ಕಾಂಗ್ರೆಸ್ 135 ಸೀಟು ಗೆದ್ದಿತು. ಸೇನಾಪತಿ, ಅಂದರೆ ಮುಖ್ಯಮಂತ್ರಿ, ಯಾರೆಂದು ಗೊತ್ತಾಗಿದ್ದು ಮೇ 18ಕ್ಕೆ, ಅದೂ ದೆಹಲಿಯಿಂದ. ವೋಟು ಹಾಕಿದವರು ಟಿವಿ ಮುಂದೆ ಕೂತಿದ್ದರು. 1990ರಲ್ಲಿ ಇಷ್ಟು ಸತಾಯಿಸಿರಲಿಲ್ಲ. ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ಅನಾರೋಗ್ಯದಲ್ಲಿದ್ದರು. ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ನಾಯಕತ್ವ ಬದಲು ಅಂದರು. ಮುಗಿಯಿತು.

ಇದನ್ನು ಗುಲಾಮಗಿರಿ ಎಂದು ಬೈದ ಬಿಜೆಪಿಯವರನ್ನು ನೋಡೋಣ. 2021ರ ಜುಲೈ 26. ಸರ್ಕಾರಕ್ಕೆ ಎರಡು ವರ್ಷ ತುಂಬಿದ ಸಮಾರಂಭ. ಮುಖ್ಯಮಂತ್ರಿ ಯಡಿಯೂರಪ್ಪ ವೇದಿಕೆಯಲ್ಲೇ ಕಣ್ಣೀರಿಟ್ಟು ರಾಜೀನಾಮೆ ಘೋಷಿಸಿದರು. ಯಾರ ಒತ್ತಡವೂ ಇಲ್ಲ ಅಂದರು. ಆ ಪಕ್ಷದಲ್ಲಿ ಹೈಕಮಾಂಡ್ ಅನ್ನುವುದಿಲ್ಲ, ವರಿಷ್ಠರು ಅನ್ನುತ್ತಾರೆ. ಸಂಸ್ಕಾರ ನೋಡಿ.

ಸೈನ್ಯ ಬೀಡು ಬಿಡುವುದು ಶತ್ರುವಿಗೆ ಸಿಗದಿರಲು. ನಮ್ಮ ದಂಡು ರೆಸಾರ್ಟಿನಲ್ಲಿ ಬೀಡು ಬಿಡುವುದು ಸಿಪಾಯಿಗಳು ತಮ್ಮನ್ನು ತಾವೇ ಮಾರಿಕೊಳ್ಳದಿರಲಿ ಎಂದು. ಫೋನು ಕಿತ್ತುಕೊಂಡು ಕಾಯಬೇಕಾದ ಶಿಸ್ತು!

ಸೇನೆಯಲ್ಲಿ ಪಾಳಯ ಬಿಟ್ಟು ಓಡಿದವನಿಗೆ ಕೋರ್ಟ್ ಮಾರ್ಷಲ್. ಇಲ್ಲಿ 2019ರಲ್ಲಿ ಪಾಳಯ ಬಿಟ್ಟ 17 ಶಾಸಕರು ಅನರ್ಹರಾದರು. ಅವರ ಪೈಕಿ ಉಪಚುನಾವಣೆ ಗೆದ್ದು ಬಂದ ಹತ್ತು ಮಂದಿ 2020ರ ಫೆಬ್ರವರಿಯಲ್ಲಿ ಮಂತ್ರಿಗಳಾದರು. ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರ್ 2023ರ ಏಪ್ರಿಲ್‌ನಲ್ಲಿ ಬಿಜೆಪಿ ಬಿಟ್ಟು ಕಾಂಗ್ರೆಸ್ ಪಾಳಯಕ್ಕೆ ಹೋದರು. 2024ರ ಜನವರಿಯಲ್ಲಿ ಹಳೇ ಪಾಳಯಕ್ಕೆ ಮರಳಿದರು. ಎರಡೂ ಕಡೆ ಸ್ವಾಗತ, ಎರಡೂ ಕಡೆ ಸಿದ್ಧಾಂತ.

ರಸ್ತೆ ಗುಂಡಿಗೂ ಟಾಸ್ಕ್ ಫೋರ್ಸ್, ಚುನಾವಣೆಗೆ ವಾರ್ ರೂಮ್. ಕಾದಾಟ ಮಾತ್ರ ಯಾವಾಗಲೂ ಸ್ವಪಕ್ಷದವನ ಜೊತೆಗೇ.

ಫ್ಲೆಕ್ಸಿನಲ್ಲಿ ವಾರ್ಡ್ ಅಧ್ಯಕ್ಷನೂ ‘ದಂಡನಾಯಕ’. ಅಸಲಿ ದಂಡನಾಯಕ ಕೊಡಗಿನ ಕಾರ್ಯಪ್ಪನವರು. 1949ರ ಜನವರಿ 15ರಂದು ಭಾರತದ ಸೇನೆಯ ಚುಕ್ಕಾಣಿ ಹಿಡಿದ ಮೊದಲ ಭಾರತೀಯ. ಅವರೂ 1971ರಲ್ಲಿ ಮುಂಬೈಯಿಂದ ಲೋಕಸಭೆಗೆ ನಿಂತಿದ್ದರು. ಸೋತರು. ಶಿಸ್ತು ಸ್ವಲ್ಪ ಜಾಸ್ತಿಯಾಯಿತೇನೋ.